ಎರಡನೇ ಸಹಿ

ಮಾರ್ಚ್ 3, ಮಂಗಳವಾರ

ಏನಾಯಿತೋ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಡು, ಹದಿನಾರನೇ ತಾರೀಖಿನೊಳಗೆ ಸಿಕ್ಕಿದರೆ ಸಾಕು ಎಂದರು ಮದರ್ ಲಿಯೋನಿಯಾ. ನರ್ಸುಗಳ ಮೇಲಿನ ಅಧಿಕಾರವೆಲ್ಲ ಆ ಸನ್ಯಾಸಿನಿಯ ಬಿಳಿ ಜೇಬಿನಲ್ಲೇ ಇರುವಾಗ ಆಗುವುದಿಲ್ಲ ಎನ್ನಲು ಬರುತ್ತದೆಯೇ. ಒಂದೇ ಹಾಳೆಯಂತೆ. ಇಪ್ಪತ್ತೊಂದು ವರ್ಷದಿಂದ ನಮ್ಮ ಆಸ್ಪತ್ರೆಯಲ್ಲಿ ದಿನವೂ ರಾಶಿ ಹಾಳೆ ತುಂಬಿಸುವವಳು ನಾನು. ಯಾರಿಗೆ ಎಷ್ಟು ಜ್ವರ, ಯಾರಿಗೆ ಎಷ್ಟು ಉಚ್ಚೆ ಹೋಯಿತು, ಯಾರು ಗಂಜಿ ಬಿಟ್ಟರು, ಎಲ್ಲ. ಈ ಹಾಳೆಗೆ ಮಾತ್ರ ನಿನ್ನೆಯಿಂದ ಕೈ ಏಳುತ್ತಿಲ್ಲ.

ಅದಕ್ಕೇ ಈ ಡೈರಿ ಹುಡುಕಿ ತೆಗೆದೆ. ಔಷಧಿ ಕಂಪನಿಯವನು ಹೊಸ ವರ್ಷಕ್ಕೆ ಕೊಟ್ಟದ್ದು, ಪ್ರತಿ ಪುಟದ ಕೆಳಗೂ ಹುಳಿತೇಗಿನ ಮಾತ್ರೆಯ ಜಾಹೀರಾತು. ಮೊದಲು ಇದರಲ್ಲಿ ಗೀಚಿ, ಆಮೇಲೆ ಚೆಂದ ಮಾಡಿ ಹಾಳೆಗೆ ಇಳಿಸಿದರಾಯಿತು.

ಆದದ್ದು ಇದು. ಫೆಬ್ರವರಿ 27, ಶುಕ್ರವಾರ, ಹೆಂಗಸರ ವಾರ್ಡು. ಮೂವತ್ತು ಬೆಡ್ಡು, ಇಬ್ಬರು ನರ್ಸುಗಳು: ವಾರ್ಡಿನ ಹೊಣೆ ಹೊತ್ತ ನಾನು, ಮತ್ತು ಜಿಸ್ನ ಎಂಬ ಹುಡುಗಿ. ಹನ್ನೊಂದನೇ ಬೆಡ್ಡಿನವರಿಗೆ ಸಕ್ಕರೆ ಕಾಯಿಲೆ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಹೋಗಬೇಕು. ಹನ್ನೆರಡನೆಯದು ಕಿಟಕಿ ಪಕ್ಕದ ಬೆಡ್ಡು. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ಕೇಸು, ಸಕ್ಕರೆಯ ತಂಟೆಯೇ ಇಲ್ಲ. ಈಸ್ಟರಿನ ಮುಂಚಿನ ಉಪವಾಸದಲ್ಲಿ ಶುಕ್ರವಾರ ಸಂಜೆ ಎಂದರೆ ಚಾಪೆಲಿನ ಅಂಗಳದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ. ಹನ್ನೊಂದಕ್ಕೆ ಅದನ್ನು ಕಿಟಕಿಯಿಂದ ನೋಡುವ ಆಸೆ. ಹನ್ನೆರಡಕ್ಕೆ ಕಿಟಕಿಯ ಇಳಿಬಿಸಿಲು ಸಾಕಾಗಿತ್ತು. ಇಬ್ಬರು ಮುದುಕಿಯರೂ ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ಫ್ಲಾಸ್ಕು ಚೀಲ ಎತ್ತಿಕೊಂಡು, ಬೆಡ್ಡು ಅದಲುಬದಲು ಮಾಡಿಕೊಂಡು ಮಲಗಿಬಿಟ್ಟರು. ಯಾರಿಗೂ ಹೇಳಲಿಲ್ಲ. ಕೇಸ್ ಶೀಟಿನ ಹಲಗೆಗಳು ಮಾತ್ರ ಆಯಾ ಮಂಚದ ಕಾಲಿಗೇ ನೇತಾಡುತ್ತಿದ್ದವು.

ಆರು ಗಂಟೆಗೆ ಜಿಸ್ನ ಹನ್ನೊಂದನೇ ಬೆಡ್ಡಿಗೆ ಇನ್ಸುಲಿನ್ ಕೊಟ್ಟಳು. ಅಲ್ಲಿ ಮಲಗಿದ್ದವರು ಹನ್ನೆರಡರ ಮುದುಕಿ. ಮುಕ್ಕಾಲು ಗಂಟೆಯಲ್ಲಿ ಆಕೆ ಬೆವರಿ ತೊಯ್ದು, ನಾಲಿಗೆ ತೊದಲಿ, ಕಣ್ಣು ಮೇಲೆ ಮಾಡಿದರು. ಕಿಟಕಿಯ ಮುದುಕಿ ಕೂಗಿಕೊಂಡಳು. ನಾನು ಓಡಿಹೋಗಿ ಗ್ಲೂಕೋಸ್ ಏರಿಸಿದೆ. ಎರಡು ದಿನ ಐಸಿಯು. ದೇವರ ದಯೆ, ಬದುಕಿದರು.

ಇಷ್ಟು ಬರೆದರೆ ಹಾಳೆ ತುಂಬಿತಲ್ಲ. ಆದರೆ ನಿಯಮ ಒಂದಿದೆ. ಇನ್ಸುಲಿನ್ ಕೊಡುವಾಗ ಎರಡನೇ ನರ್ಸು ರೋಗಿಯ ಪಕ್ಕದಲ್ಲಿ ನಿಂತು, ಕೈಪಟ್ಟಿಯ ಹೆಸರು ಓದಿ, ಸಿರಿಂಜು ನೋಡಿ, ಆಮೇಲೆ ಪುಸ್ತಕಕ್ಕೆ ಸಹಿ ಹಾಕಬೇಕು. ಆರು ಗಂಟೆಯ ಸಾಲಿನ ಮುಂದೆ ಎರಡನೇ ಸಹಿ ನನ್ನದೇ ಇದೆ. ಎಲ್ಸಮ್ಮ ಎಂದು ದುಂಡಗೆ ಬರೆದು ಕೆಳಗೊಂದು ಗೆರೆ.

ಅದನ್ನು ನಾನು ಹಾಕಿದ್ದು ಮಧ್ಯಾಹ್ನ ಎರಡು ಗಂಟೆಗೆ. ಸಂಜೆಯ ಕಾಲಮ್ಮು ಪೂರ್ತಿ, ಮೇಲಿಂದ ಕೆಳಗಿನವರೆಗೆ, ಒಂದೇ ಉಸಿರಿಗೆ.

ಎಸರು ಉಕ್ಕುತ್ತಿದೆ. ನಿಲ್ಲಿಸುತ್ತೇನೆ.

ಮಾರ್ಚ್ 4, ಬುಧವಾರ

ಎಲ್ಲರೂ ಹಾಗೇ ಮಾಡುತ್ತಾರೆ. ಇದನ್ನು ಬರೆಯದಿದ್ದರೆ ನನಗೆ ನಾನೇ ಅನ್ಯಾಯ ಮಾಡಿಕೊಂಡ ಹಾಗೆ. ಮೂವತ್ತು ಬೆಡ್ಡಿಗೆ ಇಬ್ಬರು ಇರುವಾಗ ಒಬ್ಬಳು ಸೂಜಿ ಚುಚ್ಚಲು ಇನ್ನೊಬ್ಬಳು ಪಕ್ಕದಲ್ಲಿ ಕಂಬದ ಹಾಗೆ ನಿಂತರೆ ಉಳಿದ ಇಪ್ಪತ್ತೊಂಬತ್ತನ್ನು ಯಾರು ನೋಡಬೇಕು? ನನಗೆ ಈ ರೂಢಿ ಕಲಿಸಿದವರು ನನ್ನ ಹಿಂದಿನವರು. ಜಿಸ್ನಳಿಗೆ ಕಲಿಸಿದವಳು ನಾನು. ಪುಸ್ತಕ ತಾ ಮೋಳೆ, ಒಟ್ಟಿಗೇ ಹಾಕಿಬಿಡ್ತೀನಿ ಅಂತ ಮೊದಲ ವಾರವೇ ಮಗಳನ್ನು ಕರೆದ ಹಾಗೆ ಕರೆದು ಹೇಳಿದ್ದೆ. ಆಗ ಅವಳು ನನ್ನ ಮುಖ ನೋಡಿದ್ದಳು, ಏನೋ ಕೇಳುವವಳ ಹಾಗೆ. ಆಮೇಲೆ ಪುಸ್ತಕ ತಂದುಕೊಟ್ಟಳು.

ಮಾರ್ಚ್ 5, ಗುರುವಾರ

ಇವತ್ತು ನಮ್ಮ ಯಜಮಾನರು ಬೇಬಿಚ್ಚನ್ ಅವರ ಡಯಾಲಿಸಿಸ್ ಸರದಿ. ಮಂಗಳ, ಗುರು, ಶನಿ, ಬೆಳಿಗ್ಗೆ ಎಂಟಕ್ಕೆ ನಾಲ್ಕನೇ ಮೆಷಿನ್. ಅವರ ಎರಡು ಕಿಡ್ನಿಯೂ ಕೈಕೊಟ್ಟು ಮೂರು ವರ್ಷವಾಯಿತು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಮನುಷ್ಯ. ನಿಂತ ಕಾಲಲ್ಲಿ ದಿನವಿಡೀ ಹರಟುತ್ತಿದ್ದವರು ಈಗ ವಾರಕ್ಕೆ ಮೂರು ದಿನ ಮಲಗಿ ಹರಟುತ್ತಾರೆ. ಸ್ಟಾಫಿನ ಮನೆಯವರಿಗೆ ನಮ್ಮ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪುಕ್ಕಟೆ. ಸಂಬಳ ಕಡಿಮೆ ಎಂದು ಬೇರೆಡೆಗೆ ಹೋದ ನನ್ನ ಜೊತೆಯವರೆಲ್ಲ ಈಗ ಫೋನು ಮಾಡಿ, ನಿನ್ನ ಅದೃಷ್ಟ ಎಲ್ಸಮ್ಮಾ ಎನ್ನುತ್ತಾರೆ. ಅದೃಷ್ಟವೇ. ಮೊದಲ ವಾರ ರಕ್ತ ಸಿಗದೆ ಒದ್ದಾಡುವಾಗ ತೋಳು ಚಾಚಿ ಮಲಗಿದವರು ಮದರ್ ಲಿಯೋನಿಯಾ. ಸನ್ಯಾಸಿನಿಯ ರಕ್ತ ಸೇರಿದ ಮೇಲೆ ನನ್ನ ಬೈಗುಳ ಕಡಿಮೆಯಾಗಿದೆ ಎಂದು ಬೇಬಿಚ್ಚನ್ ಈಗಲೂ ತಮಾಷೆ ಮಾಡುತ್ತಾರೆ.

ಮದರ್ ಇವತ್ತೂ ನಾಲ್ಕನೇ ಮೆಷಿನ್ ಹತ್ತಿರ ಬಂದರು. ಬೇಬಿಚ್ಚನ್ ಅವರ ಹೆಗಲು ಮುಟ್ಟಿ, ನೀರು ಜಾಸ್ತಿ ಕುಡಿದೆಯಾ ಎಂದು ಗದರಿಸಿ, ನನ್ನನ್ನು ಪಡಸಾಲೆಗೆ ಕರೆದರು. ಮುಂದಿನ ತಿಂಗಳು ತಪಾಸಣೆಯವರು ಬರುತ್ತಾರೆ, ಪುಸ್ತಕಗಳನ್ನೆಲ್ಲ ತೆರೆದು ನೋಡುತ್ತಾರೆ ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ನಿನ್ನ ಸಹಿ ಮೇಲೆ ನನಗೆ ನಂಬಿಕೆ ಇದೆ ಎಲ್ಸಮ್ಮಾ. ನೀನು ನೋಡಿಯೇ ಹಾಕಿರ್ತೀಯ. ಆ ಹುಡುಗಿ ಆಮೇಲೆ ತಪ್ಪು ಬೆಡ್ಡಿಗೆ ಹೋದಳು, ಅಷ್ಟೇ ತಾನೆ? ಬೇಬಿಯ ಚಿಂತೆ ನಿನಗೆ ಬೇಡ. ಅವನ ಮಂಗಳ, ಗುರು, ಶನಿ ಯಾರೂ ಮುಟ್ಟಲ್ಲ."

ಇದು ಸಮಾಧಾನವೋ ಬೆದರಿಕೆಯೋ? ವಾರ್ಡಿಗೆ ವಾಪಸು ಬರುವಾಗ ಸಮಾಧಾನ ಎಂದುಕೊಂಡೆ. ಮಧ್ಯಾಹ್ನ ಊಟಕ್ಕೆ ಕೂತಾಗ ಬೆದರಿಕೆ ಅನ್ನಿಸಿತು. ಈಗ ಬರೆಯುವಾಗ ಮತ್ತೆ ಸಮಾಧಾನವೇ ಇರಬೇಕು ಅನ್ನಿಸುತ್ತಿದೆ. ಅವರ ಕೈ ಬೆಚ್ಚಗಿತ್ತು. ಮಾತು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮದರ್‌ಗೆ ಆ ರೂಢಿ ಗೊತ್ತೇ ಇಲ್ಲವೇ? ಅವರೂ ಒಂದು ಕಾಲದಲ್ಲಿ ವಾರ್ಡು ನೋಡಿಕೊಂಡವರೇ ಅಲ್ಲವೇ?

ಉಂಡ ಮನೆಗೆ ಎರಡು ಬಗೆಯಬಾರದು. ಇದನ್ನು ನಮ್ಮಮ್ಮ ಹೇಳುತ್ತಿದ್ದಳು.

ಮಾರ್ಚ್ 8, ಭಾನುವಾರ

ಚರ್ಚಿನ ಪೂಜೆ ಮುಗಿಸಿ ಬಂದು ಮರಗೆಣಸು ಬೇಯಲು ಇಟ್ಟಿದ್ದೆ. ಬೇಬಿಚ್ಚನ್ ಅವರಿಗೆ ಅದನ್ನು ಎರಡು ಸಲ ಬೇಯಿಸಿ ಎರಡು ಸಲವೂ ನೀರು ಚೆಲ್ಲಬೇಕು, ಇಲ್ಲದಿದ್ದರೆ ಕಿಡ್ನಿಗೆ ಆಗಿಬರುವುದಿಲ್ಲ. ಮೊದಲ ನೀರು ಚೆಲ್ಲುತ್ತಿರುವಾಗ ಬಾಗಿಲಲ್ಲಿ ಜಿಸ್ನ.

ಅವಳನ್ನು ವಾರ್ಡಿನಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದ್ದಾರೆ. ದಿನವಿಡೀ ಬೆಡ್‌ಶೀಟು ಮಡಚುತ್ತಾಳೆ. ಮಡಚುತ್ತಾ ಜರ್ಮನ್ ಭಾಷೆ ಬಾಯಿಪಾಠ ಮಾಡುತ್ತಾಳಂತೆ. ಇಡುಕ್ಕಿಯ ಬೆಟ್ಟದ ಹುಡುಗಿ, ಮನೆಯಲ್ಲಿ ಇಬ್ಬರು ತಂಗಿಯರು. ಪರೀಕ್ಷೆ ಪಾಸಾಗಿದೆ, ಜರ್ಮನಿಯ ಆಸ್ಪತ್ರೆಯೊಂದು ಒಪ್ಪಿದೆ. ಏಪ್ರಿಲ್ ಎರಡಕ್ಕೆ ಇಲ್ಲಿ ಎರಡು ವರ್ಷ ತುಂಬುತ್ತದೆ. ನಡತೆ ಒಳ್ಳೆಯದು ಎಂಬ ಪತ್ರ ಮದರ್ ಕೊಟ್ಟರೆ ಹೊರಡಬಹುದು. ತಪ್ಪಿತಸ್ಥೆ ಎಂದು ತೆಗೆದುಹಾಕಿದರೆ ಪತ್ರವಿಲ್ಲ. ಆಮೇಲೆ ಜರ್ಮನಿ ಇರಲಿ, ಪಕ್ಕದ ಊರಿನ ಕ್ಲಿನಿಕ್ಕಿನವರೂ ಸೇರಿಸುವುದಿಲ್ಲ.

ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ಹೆದರಿದ್ದೆ. ಹಾಗೇನೂ ಮಾಡಲಿಲ್ಲ. ಕೂತು ಮರಗೆಣಸಿನ ನಾರು ತೆಗೆದುಕೊಟ್ಟಳು. ಬೇಬಿಚ್ಚನ್ ಅವಳಿಂದ ನಾಲ್ಕು ಜರ್ಮನ್ ಮಾತು ಕಲಿತು ಬೆಕ್ಕಿನ ಮೇಲೆ ಪ್ರಯೋಗ ಮಾಡಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ನೋಡದೆ, ಎಂದಿನ ಹಾಗೆ ಅಕ್ಕ ಎಂದೇ ಕರೆದು ಹೇಳಿದಳು:

"ನಾನು ಬರೆದುಕೊಟ್ಟಾಯ್ತು ಚೇಚಿ. ನೀವು ಸಹಿ ಹಾಕಿದ್ದು ಎಷ್ಟು ಹೊತ್ತಿಗೆ ಅಂತ ಬರೀಲಿಲ್ಲ. ಅದು ನೀವು ಬರೀಬೇಕಾದ್ದು ಅಂತ ಬಿಟ್ಟಿದ್ದೀನಿ."

ಎಂಥ ಹುಡುಗಿ ಇದು! ಜಗಳ ಆಡಿದ್ದರೆ ನಾನೂ ನಾಲ್ಕು ಆಡಿ ಹಗುರಾಗುತ್ತಿದ್ದೆ. ನೀನು ಕೈಪಟ್ಟಿ ನೋಡಬೇಕಿತ್ತು, ಸೂಜಿ ನಿನ್ನ ಕೈಯಲ್ಲಿತ್ತಲ್ಲವೇ ಎಂದು ಕೇಳಲು ಬಾಯಿತನಕ ಬಂದಿತ್ತು. ಅವಳದೂ ತಪ್ಪಿದೆ. ಇಲ್ಲ ಎನ್ನಲು ಆಗುವುದಿಲ್ಲ. ಆದರೆ ಹಲಗೆ ನೋಡಿದರೆ ಸಾಕು, ನಂಬರು ನೋಡಿದರೆ ಸಾಕು ಎಂದು ಕಲಿಸಿದವರು ಯಾರು?

ಮರಗೆಣಸು ತಳ ಹಿಡಿಯಿತು.

ಮಾರ್ಚ್ 10, ಮಂಗಳವಾರ

ನಿನ್ನೆಯಿಂದ ಸಹಿ ಹಾಕುವ ಮುಂಚೆ ಎದ್ದುಹೋಗಿ ನೋಡುತ್ತಿದ್ದೇನೆ. ಯಾಕೆ ಎಂದು ನನಗೇ ಗೊತ್ತಿಲ್ಲ. ಹೆದರಿಕೆಯೇ ಇರಬೇಕು. ಜಿಸ್ನಳ ಬದಲು ಗಂಡಸರ ವಾರ್ಡಿನಿಂದ ಬಂದವಳಿಗೆ ನನ್ನ ಮೇಲೆ ಸಿಟ್ಟು. ಸಂಜೆಯ ಔಷಧಿ ಮುಗಿಯುವಾಗ ಏಳೂವರೆ, ಗಂಜಿ ತಣ್ಣಗಾಗಿ ಕೆನೆ ಕಟ್ಟಿತ್ತು. ಅಡುಗೆಮನೆಯವರು ದೂರು ಕೊಟ್ಟಿದ್ದಾರಂತೆ. ಕೊಡಲಿ.

ಹನ್ನೊಂದರ ಕೈಪಟ್ಟಿ ಓದಿ, ನಿಮ್ಮ ಹೆಸರೇನು ಅಮ್ಮಚ್ಚಿ ಎಂದು ಕೇಳಿದೆ. ಮರಿಯಕ್ಕುಟ್ಟಿ ಅಂತೆ. "ನಾನು ಬಂದು ಇಪ್ಪತ್ತು ದಿನ ಆಯ್ತು ಮೋಳೆ, ಇವತ್ತು ಹೆಸರು ಕೇಳ್ತಾ ಇದ್ದೀಯ" ಎಂದಳು. ನಗುತ್ತಲೇ ಹೇಳಿದ್ದು, ಆದರೂ ಚುರ್ರೆಂದಿತು. ಆಮೇಲೆ ನನ್ನ ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡು, ಕಿಟಕಿಗೆ ಆಸೆಪಟ್ಟದ್ದು ತನ್ನದೇ ತಪ್ಪು, ಹನ್ನೆರಡರ ಭಾರ್ಗವಿಗೆ ಆದದ್ದೆಲ್ಲ ತನ್ನಿಂದ, ಫಾದರ್ ಬಂದಾಗ ಪಾಪನಿವೇದನೆಯಲ್ಲಿ ಹೇಳಿಬಿಟ್ಟೆ ಎಂದಳು. ಫಾದರ್ ಮೂರು ಜಪಮಾಲೆ ಹೇಳು ಎಂದರಂತೆ. ಅದೂ ಮುಗಿದಿದೆ.

ನನ್ನ ಪಾಪನಿವೇದನೆಗೆ ಈಸ್ಟರಿನ ತನಕ ಸಮಯ ಇದೆ.

ಮಾರ್ಚ್ 12, ಗುರುವಾರ

ಭಾರ್ಗವಿಯಮ್ಮ ಮನೆಗೆ ಹೋದರು. ಮಗ ಬಂದಿದ್ದ. ಮೊದಲ ದಿನ ಕೌಂಟರಿನ ಗಾಜು ಒಡೆಯುವ ಹಾಗೆ ಕೂಗಾಡಿದ್ದವನು ಇವತ್ತು ತಣ್ಣಗಿದ್ದ. ತಪ್ಪು ಮಾಡಿದ ನರ್ಸನ್ನು ತೆಗೆಯುತ್ತೇವೆ ಎಂದು ಆಫೀಸಿನವರು ಹೇಳಿದ್ದಾರಂತೆ. ನನ್ನೆದುರಿಗೇ ಹೇಳಿದ. ನಾನು ಬಿಡುಗಡೆ ಚೀಟಿಗೆ ಮೊಹರು ಒತ್ತುತ್ತಿದ್ದೆ, ಒತ್ತುತ್ತಲೇ ಇದ್ದೆ.

ಭಾರ್ಗವಿಯಮ್ಮ ಪ್ಲಾಸ್ಟರ್ ಹಾಕದ ಕೈಯಿಂದ ನನ್ನ ಗಲ್ಲ ಹಿಡಿದು ಮಗನಿಗೆ ತೋರಿಸಿದರು. "ನೋಡೋ, ಈ ಮೋಳೆಯೇ ನನ್ನ ಜೀವ ಉಳಿಸಿದ್ದು. ಓಡಿ ಬಂದಳು, ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ." ಅವನು ಕೈ ಮುಗಿದ. ಚೀಲದಿಂದ ಮಿಡಿಮಾವಿನ ಉಪ್ಪಿನಕಾಯಿಯ ಭರಣಿ ತೆಗೆದುಕೊಟ್ಟ. ಬೇಡ ಎಂದೆ. ಬೇಡ ಎಂದಷ್ಟೂ ನನ್ನನ್ನು ದೊಡ್ಡವಳು ಮಾಡಿದರು.

ಓಡಿ ಬಂದದ್ದು ನಿಜ. ಚಪ್ಪಲಿ ಇಲ್ಲದ್ದೂ ನಿಜ. ಹಾಗಾದರೆ ನಾನು ಯಾರು, ಜೀವ ಉಳಿಸಿದವಳೋ ತೆಗೆಯಲು ಹೊರಟವಳೋ? ಎರಡೂ ಆಗಿದ್ದರೆ ಒಂದು ಹಾಳೆಯಲ್ಲಿ ಹೇಗೆ ಬರೆಯುವುದು?

ಭರಣಿ ಅಡುಗೆಮನೆಯ ಗೂಡಿನಲ್ಲಿದೆ. ಉಪ್ಪು ಜಾಸ್ತಿಯಾದ್ದರಿಂದ ಬೇಬಿಚ್ಚನ್ ಮುಟ್ಟುವ ಹಾಗಿಲ್ಲ. ನನಗೆ ಮುಚ್ಚಳ ತೆಗೆಯಲು ಮನಸ್ಸಿಲ್ಲ.

ಮಾರ್ಚ್ 14, ಶನಿವಾರ

ಡಯಾಲಿಸಿಸ್ ಮುಗಿದ ದಿನ ಬೇಬಿಚ್ಚನ್ ಸುಸ್ತಾಗಿ ಮಲಗಿಬಿಡುತ್ತಾರೆ. ಇವತ್ತು ಮಲಗಲಿಲ್ಲ. ನಾನು ಈ ಡೈರಿ ಹಿಡಿದು ಕೂತದ್ದನ್ನು ನೋಡಿ, ಏನೇ ಎಲ್ಸಿ, ವಾರದಿಂದ ಪ್ರೇಮಪತ್ರ ಬರೀತಾ ಇದ್ದೀಯಾ ಎಂದರು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಎರಡು ಗಂಟೆಯ ಸಹಿಯನ್ನೂ, ಮದರ್ ಹೇಳಿದ್ದನ್ನೂ.

ದಿಂಬು ಸರಿಸಿ ಕೂತರು. ಆಮೇಲೆ ನನಗೆ ಇಷ್ಟು ವರ್ಷ ಹೇಳದ ಒಂದು ಸಂಗತಿ ಹೇಳಿದರು. ನಮ್ಮ ಮದುವೆಯಾದ ಎರಡನೇ ವರ್ಷ. ಬಸ್ಸು ಕಿಕ್ಕಿರಿದಿತ್ತು, ಹೊತ್ತು ಮೀರಿತ್ತು. ಇವರು ಟಿಕೆಟ್ ಹರಿಯುತ್ತಾ, ಹಿಂದಿನ ಮೆಟ್ಟಿಲ ಕಡೆ ತಿರುಗಿಯೂ ನೋಡದೆ ಹಗ್ಗ ಎಳೆದು ಎರಡು ಬೆಲ್ ಹೊಡೆದರು, ಹೊರಡಲಿ ಎಂದು. ಮೀನಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳ ಒಂದು ಕಾಲು ಇನ್ನೂ ನೆಲದ ಮೇಲಿತ್ತು. ಬಿದ್ದು ಸೊಂಟ ಮುರಿಯಿತು. ಪೊಲೀಸರು ಕೇಳಿದಾಗ, ಡ್ರೈವರ್ ಅವಸರ ಮಾಡಿದ ಎಂದು ಬಸ್ಸಿನ ಧಣಿ ಹೇಳಿದರು. ಇವರು ಇಲ್ಲ ಎನ್ನಲಿಲ್ಲ. ಡ್ರೈವರ್ ಕುಂಜುಮೋನನ ಲೈಸೆನ್ಸು ಹೋಯಿತು.

"ಕುಂಜುಮೋನಿಗೆ ಹಿಂದಿನ ಮೆಟ್ಟಿಲು ಕಾಣಲ್ಲ ಕಣೇ. ಅವನಿಗೆ ಗೊತ್ತಾಗೋದು ನನ್ನ ಬೆಲ್ ಒಂದೇ."

ಹಾಗಾದರೆ ನಾನು ನಿಜ ಬರೆಯಲೇ ಎಂದು ಕೇಳಿದೆ. ಬರೆದರೆ ನಿಮ್ಮ ಮೆಷಿನ್ ಗತಿಯೇನು ಎಂದೂ ಕೇಳಿದೆ. ಕೇಳಬಾರದಿತ್ತು.

"ನನ್ನ ಕೇಳ್ಬೇಡ. ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೆ ಮತ್ತೆ ಹನ್ನೊಂದು ವರ್ಷ ಕೆಲಸ ಇತ್ತು. ಈ ಅಡುಗೆಮನೆ ಕಟ್ಟಿದ್ದು ಆಗಲೇ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಬೆಲ್ ಶಬ್ದ ಕೇಳಿದ್ರೆ ಮಾತ್ರ ಈಗಲೂ ಹಿಂದೆ ತಿರುಗಿ ನೋಡ್ತೀನಿ."

ನನಗೆ ಸಿಟ್ಟು ಬಂತು. ಬರೆ ಎನ್ನಬೇಕು, ಇಲ್ಲ ಬೇಡ ಎನ್ನಬೇಕು. ಗಂಡ ಎಂದ ಮೇಲೆ ಒಂದು ಕಡೆ ನಿಲ್ಲಬೇಡವೇ? ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಈಗ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ, ಆ ಗೋಡೆಗಳನ್ನೇ ನೋಡುತ್ತಾ.

ಮಾರ್ಚ್ 15, ಭಾನುವಾರ

ನಾಲ್ಕು ಸಲ ಬರೆದೆ, ನಾಲ್ಕು ಸಲ ಹೊಡೆದುಹಾಕಿದೆ. ಪುಟದ ಕೆಳಗಿನ ಮಾತ್ರೆ ನುಂಗಿದರೆ ಎದೆಯುರಿ ಹದಿನೈದು ನಿಮಿಷದಲ್ಲಿ ಇಳಿಯುತ್ತದಂತೆ.

ಮಾರ್ಚ್ 16, ಸೋಮವಾರ

ಬರೆದೆ. ಬೆಳಿಗ್ಗೆ ಚಹಾ ಆರುವುದರೊಳಗೆ ಬರೆದು ಮುಗಿಯಿತು. ಒಂಬತ್ತು ಸಾಲು. "ನಾನು ನಿಯಮದಂತೆ ಪರಿಶೀಲಿಸಿ ಸಹಿ ಮಾಡಿದ ನಂತರ" ಎಂಬುದು ನಾಲ್ಕನೇ ಸಾಲಿನಲ್ಲಿದೆ. ಉಳಿದ ಎಂಟೂ ಅಪ್ಪಟ ಸತ್ಯ. ಎಂಟು ಸತ್ಯಕ್ಕೆ ಒಂದು ಸುಳ್ಳು ಹೆಚ್ಚೇನಲ್ಲ ಎಂದುಕೊಂಡೆ. ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವ ಕೋತಿಯೂ ಹೀಗೇ ಏನೋ ಅಂದುಕೊಳ್ಳುತ್ತಿರಬೇಕು.

ಬೇಬಿಚ್ಚನ್ ಅವರಿಗೆ ಅರವತ್ತು ಕೂಡ ಆಗಿಲ್ಲ. ಜಿಸ್ನಳಿಗೆ ಇಪ್ಪತ್ತನಾಲ್ಕು, ಅವಳು ಹೇಗೋ ದಾರಿ ಹುಡುಕಿಕೊಳ್ಳುತ್ತಾಳೆ. ಇವರಿಗೆ ಒಂದು ವಾರ ಮೆಷಿನ್ ತಪ್ಪಿದರೆ ದಾರಿಯೇ ಇಲ್ಲ. ಇದಕ್ಕಿಂತ ದೊಡ್ಡ ನ್ಯಾಯ ಯಾವುದಿದೆ?

ಹಾಳೆ ಹಿಡಿದು ಮದರ್ ಕೋಣೆಗೆ ಹೋದೆ. ಬೀಗ ಹಾಕಿತ್ತು, ತಪಾಸಣೆಯ ತಯಾರಿಗೆ ಪೇಟೆಗೆ ಹೋಗಿದ್ದಾರಂತೆ. ನಾಳೆ ಕೊಟ್ಟರೆ ನಡೆಯುತ್ತದೆ ಎಂದರು ಆಫೀಸಿನವರು. ಹಾಳೆ ಚೀಲದಲ್ಲಿದೆ. ಸಂಜೆ ಮರಿಯಕ್ಕುಟ್ಟಿ ಅಮ್ಮಚ್ಚಿ, ತಂಗಮ್ಮ, ನೆಬೀಸಾ ಉಮ್ಮ, ಎಲ್ಲರ ಸೂಜಿಗೂ ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕಿದೆ. ನೆಬೀಸಾ ಉಮ್ಮನ ಕೈಪಟ್ಟಿ ಬಿಗಿಯಾಗಿ ಕೈ ಕೆಂಪಾಗಿತ್ತು, ಸಡಿಲ ಮಾಡಿದೆ. ನಿಂತು ನಿಂತು ನನ್ನ ಕಾಲು ಬಾತಿದೆ.

ಮಾರ್ಚ್ 17, ಮಂಗಳವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಬೇಬಿಚ್ಚನ್ ಅವರನ್ನು ಡಯಾಲಿಸಿಸ್ ಬಾಗಿಲಲ್ಲಿ ಬಿಟ್ಟು ವಾರ್ಡಿಗೆ ಹೋಗಿ, ಎಂಟೂವರೆಗೆ ಒಮ್ಮೆ ಇಣುಕಿದೆ. ಮದರ್ ಕೋಣೆಗೆ ಅದೇ ದಾರಿ. ಹಾಳೆ ಜೇಬಿನಲ್ಲಿತ್ತು. ಬಾಗಿಲ ಹತ್ತಿರದ ಮೇಜಿನಲ್ಲಿ ಅಲ್ಲಿನ ನರ್ಸು ರೆಜಿ ಹೆಪಾರಿನ್ ಸಿರಿಂಜ್‌ಗಳನ್ನು ಸಾಲಾಗಿ ಇಡುತ್ತಿದ್ದಳು. ರಕ್ತ ನಳಿಗೆಯಲ್ಲಿ ಗಟ್ಟಿಯಾಗದಿರಲು ಕೊಡುವ ಔಷಧ; ಅದಕ್ಕೂ ಎರಡು ಸಹಿ ಬೇಕು. ನನ್ನನ್ನು ಕಂಡದ್ದೇ ಪುಸ್ತಕ ತಿರುಗಿಸಿ ಪೆನ್ನು ಕೊಟ್ಟಳು.

"ಚೇಚಿ, ಒಂದು ಸಹಿ ಹಾಕಿಬಿಡಿ. ಜೊತೆಯವಳು ರಜೆ. ನಾಲ್ಕನೇ ಮೆಷಿನ್ ನಿಮ್ಮವರದೇ ಅಲ್ವಾ."

ಪೆನ್ನು ತೆಗೆದುಕೊಂಡೆ. ದುಂಡಗೆ ಎ ಬರೆಯಲು ಶುರು ಮಾಡಿದ್ದೂ ಹೌದು. ಆಮೇಲೆ ಯಾಕೋ, ಈಚೆಗಿನ ಅಭ್ಯಾಸ, ಸಿರಿಂಜು ತಾ ಎಂದು ಅವಳನ್ನು ಕರೆದುಕೊಂಡು ನಾಲ್ಕರ ಹತ್ತಿರ ಹೋದೆ. ಅಲ್ಲಿ ಕಂಬಳಿ ಹೊದ್ದು ಮಲಗಿದ್ದವರು ಬೇಬಿಚ್ಚನ್ ಅಲ್ಲ. ಯಾರೋ ತೆಳ್ಳಗಿನ ಹಿರಿಯರು. ಕೈಪಟ್ಟಿ ಓದಿದೆ: ಪೈಲಿ ಮತ್ತಾಯಿ. ಅವರ ಫೈಲು ತೆಗೆಸಿದೆ. ಹೋದ ವಾರವಷ್ಟೇ ಹೊಟ್ಟೆಯ ಹುಣ್ಣು ಒಡೆದು ರಕ್ತ ಹೋಗಿದೆ, ಹೆಪಾರಿನ್ ಕೊಡಲೇಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ರೆಜಿ ಸಿರಿಂಜು ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ನಮ್ಮ ಯಜಮಾನರು ಆರರಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಅಲ್ಲಿಂದ ಟಿವಿ ಕಾಣುತ್ತದಂತೆ. ಪೈಲಿ ಚೇಟ್ಟನಿಗೆ ಟಿವಿಯ ಗದ್ದಲ ಬೇಡವಂತೆ. ಇಬ್ಬರೂ ಮಾತಾಡಿಕೊಂಡು ಅದಲುಬದಲು ಮಾಡಿಕೊಂಡರಂತೆ. ಯಾರಿಗೂ ಹೇಳಲಿಲ್ಲ.

ನಾನು ಅಲ್ಲೇ ಎಲ್ಲರೆದುರಿಗೆ ಅತ್ತೆ, ಬೈದೆ, ಏನೆಂದು ಬೈದೆನೋ ನೆನಪಿಲ್ಲ. ಬೇಬಿಚ್ಚನ್ ಮುಖ ಸಪ್ಪೆಯಾಯಿತು. ಮೊದಲು ನನ್ನನ್ನು ನೋಡಿದರು, ಆಮೇಲೆ ಪೈಲಿ ಚೇಟ್ಟನನ್ನು. ನನ್ನ ಚೀಲದಲ್ಲಿ ಡೈರಿ ಇತ್ತು. ಅವರ ಮಂಚದ ತುದಿಯಲ್ಲೇ ಕೂತು ಒಂದು ಪುಟ ಹರಿದು ಬರೆದೆ. ಆ ಒಂಬತ್ತು ಸಾಲು ಬೇಕಾಗಲಿಲ್ಲ.

"ಫೆಬ್ರವರಿ 27ರ ಸಂಜೆ ಆರರ ಸಹಿಯನ್ನು ನಾನು ಮಧ್ಯಾಹ್ನ ಎರಡಕ್ಕೆ, ರೋಗಿಯನ್ನು ನೋಡದೆ ಹಾಕಿದ್ದೆ. ಬಹಳ ವರ್ಷದಿಂದ ಹೀಗೇ ಹಾಕುತ್ತಿದ್ದೆ. ಜಿಸ್ನಳಿಗೆ ಹೀಗೆ ಮಾಡಲು ಕಲಿಸಿದವಳು ನಾನು."

ಬೇಬಿಚ್ಚನ್ ಅವರಿಗೆ ಓದಲು ಕೊಟ್ಟೆ. ಓದಿದರು. ಪೂರ್ತಿ ಹೆಸರು ಬರೆಯೇ ಎಂದಷ್ಟೇ ಅಂದರು.

ಮದರ್ ಕನ್ನಡಕ ಹಾಕಿಕೊಂಡು ಓದಿ, ಮತ್ತೆ ಓದಿ, ಕನ್ನಡಕ ತೆಗೆದರು. ನನ್ನ ಕೆಲಸ ಕಷ್ಟ ಮಾಡಿಬಿಟ್ಟೆ ಎಲ್ಸಮ್ಮಾ ಎಂದರು. ಆಮೇಲೆ, ಊಟ ಮಾಡಿದೆಯಾ ಎಂದೂ ಕೇಳಿದರು. ಬೆಳಿಗ್ಗೆ ಒಂಬತ್ತು ಗಂಟೆಗೆ ಯಾರು ಊಟ ಮಾಡುತ್ತಾರೆ? ಅವರಿಗೂ ತಲೆ ನಿಂತಿರಲಿಲ್ಲ ಎಂದು ಕಾಣುತ್ತದೆ. ಪುಟದ ಕೆಳಗಿನ ಮಾತ್ರೆಯ ಜಾಹೀರಾತನ್ನು ಕತ್ತರಿಸಿ ಕೊಡಬೇಕಿತ್ತು, ಮರೆತೆ.

ಮಾರ್ಚ್ 19, ಗುರುವಾರ

ಇವತ್ತು ಸಂತ ಔಸೇಪರ ಹಬ್ಬ. ಆಸ್ಪತ್ರೆಯಲ್ಲಿ ಎಲ್ಲರಿಗೂ ಪಾಯಸ.

ನಿನ್ನೆ ಸಂಜೆ ಪತ್ರ ಕೈಗೆ ಬಂತು. ಮೂರು ತಿಂಗಳು ಅಮಾನತು. ಆಮೇಲೆ ಕರೆದರೂ ವಾರ್ಡಿನ ಹೊಣೆ ಇಲ್ಲ. ಡಯಾಲಿಸಿಸ್ ಏಪ್ರಿಲ್ ಕೊನೆಯವರೆಗೆ ಇದ್ದ ಹಾಗೇ ನಡೆಯುತ್ತದೆ, ಮುಂದಿನದು ಆಸ್ಪತ್ರೆಯ ಸಮಿತಿಗೆ ಬಿಟ್ಟದ್ದು. ಕೆಳಗೆ ಮದರ್ ಸಹಿ. ಅದೇ ಮದರ್ ರಾತ್ರಿ ಊಟಕ್ಕೆ ಎಂದು ಕಾನ್ವೆಂಟಿನ ಅಡುಗೆಮನೆಯಿಂದ ಡಬ್ಬಿ ಕಳಿಸಿದ್ದರು, ಬೇಬಿಚ್ಚನ್ ಅವರಿಗೆ ಉಪ್ಪಿಲ್ಲದೆ ಬೇರೆ, ನನಗೆ ಬೇರೆ. ಯಾವ ಕೈಯನ್ನು ನಂಬಬೇಕೋ ನನಗೆ ಇನ್ನೂ ತಿಳಿಯುತ್ತಿಲ್ಲ. ಡಬ್ಬಿ ತೊಳೆದು ಇಟ್ಟಿದ್ದೇನೆ, ವಾಪಸು ಕೊಡಬೇಕು.

ಮೇ ತಿಂಗಳಲ್ಲಿ ಏನು ಮಾಡುವುದು? ಸರ್ಕಾರಿ ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಬರೆಸಿ ಬಂದೆ. ನಮ್ಮ ಮುಂದೆ ನಲವತ್ತಮೂರು ಜನ ಇದ್ದಾರೆ.

ಜಿಸ್ನ ವಾರ್ಡಿಗೆ ಮರಳಿದ್ದಾಳೆ. ಏಪ್ರಿಲ್ ಎರಡಕ್ಕೆ ಪತ್ರ ಕೊಡುತ್ತೇನೆ ಎಂದು ಮದರ್ ಅವಳಿಗೆ ಬಾಯಿಮಾತಿನಲ್ಲಿ ಹೇಳಿದ್ದಾರಂತೆ. ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕಳು. ನನ್ನ ಸೀರೆಯ ಸೆರಗು ಸರಿಮಾಡಿ ಓಡಿಹೋದಳು.

ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಸೀರೆ ಉಟ್ಟು ಆ ಗೇಟಿನಿಂದ ಒಳಗೆ ಹೋದೆ. ಡಯಾಲಿಸಿಸ್ ಹಾಲಿನಲ್ಲಿ ಮನೆಯವರು ಕೂರುವ ಬೆಂಚು ಇಷ್ಟು ಗಟ್ಟಿ ಎಂದು ಗೊತ್ತೇ ಇರಲಿಲ್ಲ. ಬೇಬಿಚ್ಚನ್ ಮಾತ್ರ ಟಿವಿ ಇರಲಿ ಎಂದು ಆರನ್ನೇ ಹಿಡಿದಿದ್ದರು, ಈ ಸಲ ಬರೆಸಿ. ಹಬ್ಬದ ಪಾಯಸ ಅವರಿಗೆ ಎರಡೇ ಚಮಚ. ತನ್ನ ಹೆಸರಿನಲ್ಲೂ ಔಸೇಪ್ ಇದೆ, ಮೂರನೆಯದು ಕೊಡಿ ಎಂದು ಪೀಡಿಸುತ್ತಿದ್ದರು.

ರೆಜಿ ಸಿರಿಂಜು ಹಿಡಿದು ಬಂದಳು. ಪಕ್ಕದಲ್ಲಿ ಪುಸ್ತಕ ಹಿಡಿದ ಇನ್ನೊಬ್ಬಳು ನರ್ಸು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ರೆಜಿ ಅವರ ಕೈಪಟ್ಟಿ ತಿರುಗಿಸಿ ಹಿಡಿದು, ನಿಮ್ಮ ಹೆಸರೇನು ಎಂದು ಕೇಳಿದಳು. ಮೂರು ವರ್ಷದಿಂದ ದಿನ ಬಿಟ್ಟು ದಿನ ಚುಚ್ಚುವ ಕೈಗೆ ಇಂಥ ಪ್ರಶ್ನೆ. ಬೇಬಿಚ್ಚನ್ ಏನಾದರೂ ತಮಾಷೆ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ.

"ಸ್ಕರಿಯಾ ಔಸೇಪ್" ಎಂದು ಕಾಗದದ ಹೆಸರನ್ನೇ ಹೇಳಿದರು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ.

ಎರಡನೆಯವಳು ಕೈಪಟ್ಟಿಯನ್ನು ತಾನೂ ಓದಿ, ಸಿರಿಂಜು ನೋಡಿ, ಆಮೇಲೆ ಸಹಿ ಹಾಕಿದಳು. ಬೇಬಿಚ್ಚನ್ ಕತ್ತು ಹೊರಳಿಸಿ ಹಿಂದೆ ನೋಡಿದರು, ನಾನು ಕೂತ ಬೆಂಚಿನ ತನಕ. ನನ್ನನ್ನು ಸರಿಯಾಗಿ ನೋಡಿಕೊಂಡ ಮೇಲೆ, ಬೆರಳಿನ ಉಂಗುರದಿಂದ ಮಂಚದ ಕಬ್ಬಿಣಕ್ಕೆ ಎರಡು ಸಲ ಹೊಡೆದರು. ಮೆಷಿನ್ ಹೊರಟಿತು.